ರಾಗ ಗುರುತಿಸುವ ಸಮಿತಿ

ಸಂಗೀತ ಗ್ರಂಥಪಾಲಕರ ನಮ್ಮ ಸಂಘದಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಸಮಿತಿ. ಹಳೆಯ ಕ್ಯಾಸೆಟ್ಟುಗಳನ್ನು ಕೇಳಿ ರಾಗ ಗುರುತಿಸುವ ಸಮಿತಿಗೆ ನಾನು ಮುಖ್ಯಸ್ಥೆಯಾಗಿದ್ದೆ. ಈಚೆಗೆ ನನ್ನ ಕಿವಿ ಮಂದವಾಗಿತ್ತು. ಅದನ್ನು ಸಂಘದಲ್ಲೇ ಇದ್ದ ಜೇವರ್ಗಿಯ ಗೆಳತಿಯೊಬ್ಬಳಿಗೆ ಮಾತ್ರ ಹೇಳಿದ್ದೆ.

ಆಳಂದದ ಸಭೆಯಲ್ಲಿ ಸಮಿತಿಗಳನ್ನು ಹೊಸದಾಗಿ ರಚಿಸುವಾಗ ಅಧ್ಯಕ್ಷರು ನನಗೆ ಹೆಡ್‌ಫೋನ್ ಹಾಕಿ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದರು.

"ಯಾವ ರಾಗ ಹೇಳ್ರಿ ಅಕ್ಕಾರ," ಎಂದು ಕೂಗಿದರು.

ನನಗೇನೂ ಕೇಳಿಸಲಿಲ್ಲ. ಕಣ್ಣು ಮುಚ್ಚಿ ತಲೆದೂಗುತ್ತಾ, "ಭೈರವಿ ಅದರಿ," ಎಂದೆ.

ಅವರು ಟೇಪ್ ರೆಕಾರ್ಡರ್ ತೆರೆದು ಎಲ್ಲರಿಗೂ ತೋರಿಸಿದರು. ಒಳಗೆ ಕ್ಯಾಸೆಟ್ಟೇ ಇರಲಿಲ್ಲ. ಸಭೆ ಬಿದ್ದು ಬಿದ್ದು ನಕ್ಕಿತು. ನನ್ನ ಜಾಗಕ್ಕೆ ಗೆಳತಿಯ ಹೆಸರು ಬಂತು.

"ಅಕ್ಕಾರ್ನ ಸ್ವಾಗತ ಸಮಿತ್ಯಾಗ ಹಾಕ್ರಿ, ಬಂದ ಮಂದೀಗಿ ನೋಡಿ ನಕ್ಕರ ಸಾಕು," ಎಂದು ಅವಳು ನನಗೆ ಕೇಳಿಸುವಷ್ಟು ಜೋರಾಗಿ ಹೇಳಿದಳು.

ಅಫಜಲಪುರದ ಮುಂದಿನ ಸಭೆಯಲ್ಲಿ ಬಾಗಿಲಲ್ಲಿ ನಿಂತು, ನಗುತ್ತಲೇ ಅವಳಿಗೂ ಗುಲಾಬಿ ಕೊಟ್ಟೆ.