ಭರಮವ್ವ ಅಕ್ಕೋರು ಹಾಕಿದ ಸೊನ್ನೆ

ಕುಲಗೋಡದ ಸಾಲೆಯಲ್ಲಿ ಏಳನೆಯ ಇಯತ್ತೆಯ ಗಣಿತವನ್ನು ಒಬ್ಬ ಹೆಣ್ಣುಮಗಳ ಕೈಗೆ ಕೊಟ್ಟದ್ದು ೧೯೫೯ರಲ್ಲಿ, ಅದೂ ದೀಪಾವಳಿಯ ತನಕ ನೋಡೋಣ ಎಂಬ ಕರಾರಿನ ಮೇಲೆ. ಆಕೆ ಭರಮವ್ವ, ಹುಕ್ಕೇರಿ ಕಡೆಯ ಕಣಗಲಾ ಊರಿನವಳು. ಅಪ್ಪ ಲಗಮಪ್ಪ ಭೂಮಿ ಅಳೆಯುವ ಮೋಜಣಿಯವರ ಸರಪಳಿ ಹೊತ್ತು ಹೊಲ ಹೊಲ ತಿರುಗಿದವನು. ಅಕ್ಷರ ಬಾರದಿದ್ದರೂ ಹೊಲ ನೋಡಿ ಗುಂಟೆ ಹೇಳುತ್ತಿದ್ದ. ಅವನ ಹಿಂದೆ ಅಡ್ಡಾಡುತ್ತಲೇ ಮಗಳು ಲೆಕ್ಕ ಕಲಿತಳು. ಮುಂದೆ ಟ್ರೇನಿಂಗ್ ಮುಗಿಸಿ, ಮೂಡಲಗಿಯಲ್ಲಿ ಮನೆ ಮಾಡಿಕೊಂಡು, ದಿನಾ ಬಸ್ಸಿಗೆ ಕುಲಗೋಡಕ್ಕೆ ಬರುತ್ತಿದ್ದಳು.

ಮೊದಲ ವಾರ ಹನ್ನೊಂದು ಮಕ್ಕಳ ವಹಿಗಳಲ್ಲೂ ಉತ್ತರಗಳು ಸರಿಯಿದ್ದವು. ಭರಮವ್ವ ಹಿಗ್ಗಲಿಲ್ಲ. ಕೆಳಗಿನ ಉತ್ತರ ಸರಿ, ಮೇಲಿನ ದಾರಿ ಎಲ್ಲಿಂದೆಲ್ಲಿಗೋ. ಗುಣಿಸಬೇಕಾದಲ್ಲಿ ಕೂಡಿಸಿದ್ದರು, ಭಾಗಿಸಬೇಕಾದಲ್ಲಿ ಬರೀ ಗೆರೆ ಎಳೆದಿದ್ದರು; ಆದರೂ ಕೊನೆಯ ಸಾಲಿನಲ್ಲಿ ಉತ್ತರ ಬಂದು ಕುಳಿತಿತ್ತು. ಪುಸ್ತಕದ ಹಿಂದಿನ ಹಾಳೆಗಳಲ್ಲಿ ಉತ್ತರಗಳಿದ್ದವಲ್ಲ. ಆಕೆ ಅವನ್ನು ಬ್ಲೇಡಿನಿಂದ ಕತ್ತರಿಸಿ ಕಪಾಟಿಗೆ ಹಾಕಿದಳು. ಮರುವಾರ ಅದೇ ಉತ್ತರಗಳು ಅಣ್ಣಂದಿರ ಹಳೆಯ ಪುಸ್ತಕದಿಂದ ಇಳಿದುಬಂದವು.

ಆಗ ಭರಮವ್ವ ಪುಸ್ತಕವನ್ನೇ ಬದಿಗಿಟ್ಟಳು. ಮೂವತ್ತಮೂರು ಫೂಟಿನ ಒಂದು ಹಗ್ಗ ಮಾಡಿದಳು. ಅಷ್ಟುದ್ದ ಅಷ್ಟಗಲದ ನೆಲವೆಂದರೆ ಒಂದು ಗುಂಟೆ. ಹೊಲವಿದ್ದವರು ತಮ್ಮ ಹೊಲ ಅಳೆಯಬೇಕು, ಇಲ್ಲದವರು ಯಾರದಾದರೂ ಕಣ. ಅಳೆದ ಪ್ರತಿಯೊಂದು ಉದ್ದವನ್ನೂ ಬರೆದು, ಆಮೇಲೆ ಉತ್ತರ ಬರೆಯಬೇಕು. ಒಬ್ಬರ ಲೆಕ್ಕ ಇನ್ನೊಬ್ಬರ ಕೆಲಸಕ್ಕೆ ಬಾರದು.

ಕೂಲಿಯವರ ಮಗಳು ಕರೆವ್ವ ಕಣ ಅಳೆದು, ಗುಣಾಕಾರದಲ್ಲಿ ತಪ್ಪಿ, ಸರಿಯಲ್ಲದ ಉತ್ತರ ಬರೆದಿದ್ದಳು. ಆಕೆಗೆ ಹತ್ತಕ್ಕೆ ಏಳು. ಸಾಲೆ ಕಮಿಟಿಯ ಉದ್ದಪ್ಪನ ಮಗ ಹನಮಂತ ಹಳ್ಳದ ದಂಡೆಯ ಹೊಲಕ್ಕೆ ಎರಡು ಎಕರೆ ಏಳು ಗುಂಟೆ ಎಂದು ಮುತ್ತಿನಂತೆ ಬರೆದಿದ್ದ. ಅವನಿಗೆ ಸೊನ್ನೆ. ಹಿಂದಿನ ಮಳೆಗಾಲದಲ್ಲಿ ಹಳ್ಳ ಆ ದಂಡೆಯನ್ನು ಜಾಲಿಗಿಡಗಳ ಸಮೇತ ಕೊಚ್ಚಿಕೊಂಡು ಹೋದದ್ದನ್ನು ಭರಮವ್ವ ಬಸ್ಸಿನ ಕಿಟಕಿಯಿಂದ ದಿನಾ ನೋಡುತ್ತಿದ್ದಳು. ಹುಡುಗ ಹೊಲಕ್ಕೆ ಹೋಗಿರಲಿಲ್ಲ. ಮನೆಯಲ್ಲಿದ್ದ ಹೊಲದ ಹಳೆಯ ಸರಕಾರಿ ಕಾಗದ, ಉತಾರ, ನೋಡಿ ಬರೆದಿದ್ದ.

ಮರುದಿನ ಉದ್ದಪ್ಪ ಉತಾರವನ್ನು ಹಿಡಿದುಕೊಂಡೇ ಬಂದ.

"ಸರಕಾರ ಬರದದ್ದು ಸುಳ್ಳ, ನಿಮ್ಮ ಹಗ್ಗ ಖರೆ ಏನ್ರಿ ಅಕ್ಕೋರ?"

"ಈ ಉತಾರ ಹೊಲಾ ನೋಡಿ ಎಷ್ಟ ವರ್ಷ ಆತ್ರಿ ಕಾಕಾರ?"

ಉದ್ದಪ್ಪ ಉತಾರ ಮಡಚಿ ಕಿಸೆಗೆ ತುರುಕಿಕೊಂಡ. ಅವನು ಹೋದ ಮೇಲೆ ಹೆಡ್ ಮಾಸ್ತರ ರಾಯಪ್ಪ ಆಕೆಯನ್ನು ಕರೆದು ಮೆತ್ತಗೆ ಹೇಳಿದರು. ಸೋಮವಾರ ಕಮಿಟಿ ಕೂಡುತ್ತದೆ, ಸೊನ್ನೆ ಅಳಿಸದಿದ್ದರೆ ಏಳನೆಯ ಇಯತ್ತೆ ಹೋಗುತ್ತದೆ, ಬಿನ್ನೆತ್ತಿಯ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುತ್ತ ಕೂಡಬೇಕಾಗುತ್ತದೆ. ಆಕೆಗೆ ಆ ಇಯತ್ತೆ ಎಷ್ಟು ಬೇಕಾಗಿತ್ತೆಂಬುದು ಮಾಸ್ತರಿಗೂ ಗೊತ್ತಿತ್ತು; ಎರಡು ವರ್ಷ ಕೇಳಿ ಪಡೆದದ್ದು. ಸೋಮವಾರದೊಳಗೆ ಹೊಲ ಅಳೆಸುತ್ತೇನೆ, ಉತಾರದ ಲೆಕ್ಕವೇ ಬಂದರೆ ತಾನಾಗಿ ಇಯತ್ತೆ ಬಿಡುತ್ತೇನೆ ಎಂದಳು ಭರಮವ್ವ.

ಉದ್ದಪ್ಪ ಆ ಮಾತಿಗೆ ಒಪ್ಪಿದ; ಐತವಾರ ಹರಗಿದ ಹೊಲದಲ್ಲಿ ಅಪ್ಪ, ಮಗ, ಅಕ್ಕೋರು ಮೂವರೂ ನಿಂತರು. ಆಕೆ ಹಗ್ಗ ಮುಟ್ಟಲಿಲ್ಲ. ಒಂದು ತುದಿ ಅಪ್ಪನ ಕೈಯಲ್ಲಿ, ಇನ್ನೊಂದು ಮಗನ ಕೈಯಲ್ಲಿ. ಹೊಲವನ್ನು ಮೂರು ಮುಕ್ಕೋಣ ಮಾಡಿಸಿ ಗೂಟ ಹೊಡೆಸಿದಳು. ಹನಮಂತ ನಡುವೆ ಒಂದು ಗೂಟ ಬಿಟ್ಟು ಎಣಿಸಿದ. ತಿರುಗಿ ಮೊದಲಿನಿಂದ ಎಣಿಸಲು ಹಚ್ಚಿದಳು. ಬಿಸಿಲು ಏರಿತು. ಕೊನೆಯ ಮೂಲೆಗೆ, ಗಡಿಕಲ್ಲಿನ ಕಡೆಗೆ, ಉದ್ದಪ್ಪ ಕಣ್ಣು ಮುಚ್ಚಿಯೂ ಹೋಗಬಲ್ಲವನಂತೆ ದಾಪುಗಾಲು ಹಾಕಿ ನಡೆದ, ಥಟ್ಟನೆ ನಿಂತ. ಮುಂದೆ ನೆಲವಿರಲಿಲ್ಲ. ಕಲ್ಲು ಇದ್ದ ಜಾಗ ಹತ್ತು ಮಾರು ಆಚೆ, ಹಳ್ಳದ ಉಸುಕಿನ ಮೇಲೆ, ಬರೀ ಗಾಳಿಯಲ್ಲಿತ್ತು.

ಹನಮಂತ ನೆಲದಲ್ಲಿ ಕುಳಿತು ಗುಣಿಸಿದ, ಅಳಿಸಿದ, ಮತ್ತೆ ಗುಣಿಸಿದ. ಒಂದು ಎಕರೆ ಮೂವತ್ತೊಂದು ಗುಂಟೆ.

"ಹದಿನಾರ ಗುಂಟೆ," ಎಂದ ಉದ್ದಪ್ಪ. "ಎರಡ ಮೂರು ಹೋಗಿರಬೇಕಂತ ಮಾಡಿದ್ನಿ." ಆಮೇಲೆ ಮಗನ ವಹಿಯತ್ತ ನೋಡಿ, "ಈಗಾದ್ರೂ ಮಾರ್ಕ ಕೊಡತೀರೇನ್ರಿ?"

"ಇವತ್ತಿಂದಕ್ಕ ಎಂಟ ಕೊಡತೇನ್ರಿ. ಆವತ್ತಿಂದು ಸೊನ್ನೀನ."

ಸೋಮವಾರ ಕಮಿಟಿಯಲ್ಲಿ ಮಾತು ಬಂದಾಗ ಎಲ್ಲರೂ ಉದ್ದಪ್ಪನ ಮುಖ ನೋಡಿದರು. ಅವನು ರುಮಾಲು ಸರಿಮಾಡಿಕೊಂಡು, "ನನ್ನ ಮಗಗ ಸೊನ್ನಿ ಕೊಟ್ಟಾಕಿ, ಇನ್ನ ನಿಮ್ಮ ಮಕ್ಕಳನ್ನ ಬಿಡತಾಳೇನು? ಇರ್ಲಿ ಬಿಡ್ರಿ, ಏಳನೇತ್ತ ಆಕಿ ಕಡೇನ ಇರ್ಲಿ," ಎಂದ. ಕೆಲವರು ನಕ್ಕರು. ರಾಯಪ್ಪ ಮಾಸ್ತರ ಕೂಡಲೇ ಅದನ್ನು ಠರಾವಿನಲ್ಲಿ ಬರೆದುಕೊಂಡರು.

ಆ ವರ್ಷ ಏಳನೆಯ ಇಯತ್ತೆಯ ಕೊನೆಗೆ ಬರುವ ಮುಲ್ಕಿ ಪರೀಕ್ಷೆಯಲ್ಲಿ ಹನ್ನೊಂದರಲ್ಲಿ ಮೂವರು ನಪಾಸಾದರು. ಭರಮವ್ವ ಆ ಮೂವರ ಮನೆಗೂ ಹೋದಳು. ಬೇಸಿಗೆ ಸೂಟಿಯಲ್ಲಿ ದಿನಾ ಮುಂಜಾನೆ ಬರಬೇಕು, ತಾನು ಮೊದಲ ಬಸ್ಸಿಗೇ ಬಂದಿರುತ್ತೇನೆ ಎಂದು ಹೇಳಿಬಂದಳು.