ವಾಲಗದವರ ಹುಬ್ಬು

ನನ್ನ ಹೆಂಡತಿ ಎಡಗೈಯವಳು. ಚನ್ನಪಟ್ಟಣದ ನಮ್ಮ ಮನೆಯ ಜಗಲಿಯಲ್ಲಿ ಕೂತು ಮರದ ಗೊಂಬೆಗಳಿಗೆ ಕಣ್ಣು, ಹುಬ್ಬು, ಮೀಸೆ ಬರೆಯುತ್ತಿದ್ದಳು. ಗೊಂಬೆ ಕಾರ್ಖಾನೆಯ ಸಾಬರು ಅರಗಿನ ಬಣ್ಣ ಕೂರಿಸಿದ ಗೊಂಬೆಗಳನ್ನು ಚೀಲದಲ್ಲಿ ತುಂಬಿ ಕಳಿಸುತ್ತಿದ್ದರು. ಇವಳು ಮುಖ ಬರೆದು, ಒಣಗಿಸಿ, ಅದೇ ಚೀಲದಲ್ಲಿ ತಿರುಗಿ ಕಳಿಸಬೇಕು. ಲೆಕ್ಕದ ಮಾಲು, ಒಂದೂ ಕಮ್ಮಿಯಾಗುವಂತಿಲ್ಲ. ಒಂದನ್ನು ಮನೆಗಿಟ್ಟುಕೊಳ್ಳೋಣ ಎಂದು ಅವಳಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ. ದಿನಾ ಚಪಾತಿ ಮಾಡುವವರು ಒಂದು ಚಪಾತಿ ಎತ್ತಿಡುತ್ತಾರೆಯೇ?

ಹೋದ ವರ್ಷ ಅವಳು ತೀರಿಕೊಂಡಳು. ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ ನಾನು ಮನೆಯನ್ನೆಲ್ಲ ಜಾಲಾಡಿದೆ. ಸೀರೆಗಳಿದ್ದವು, ಔಷಧಿ ಇತ್ತು, ಬಣ್ಣ ಮೆತ್ತಿಕೊಂಡ ಒಂದು ಮಣೆ ಇತ್ತು. ಅವಳ ಕೈಯಿಂದ ಆದ ಮುಖ ಒಂದೂ ಇರಲಿಲ್ಲ. ನಮಗೆ ಮಕ್ಕಳೂ ಇಲ್ಲ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಆಗಿನಿಂದ ಮನೆಯಲ್ಲಿ ಕೂರಲು ಆಗುತ್ತಿಲ್ಲ. ರಜೆ ತೆಗೆದುಕೊಳ್ಳಿ ಎಂದರೆ ಬೇಡ ಎಂದು, ಬೇರೆಯವರ ಡ್ಯೂಟಿಯನ್ನೂ ಕೇಳಿ ಹಾಕಿಸಿಕೊಂಡೆ. ಒಂದು ವಾರ ಕನಕಪುರದ ಕಡೆ, ಒಂದು ವಾರ ರಾಮನಗರದ ಮೇಲೆ ಮಾಗಡಿ. ಬಸ್ಸು ಓಡುವಷ್ಟು ಹೊತ್ತು ಪರವಾಗಿಲ್ಲ. ಅದು ನಿಂತ ಕಡೆ ಕೈಗೆ ಏನಾದರೂ ಬೇಕು. ಹಾಗೆ ಫೋನು ಹಿಡಿದೆ. ಹಳೆಯ ಸಾಮಾನು ಮಾರುವ ಒಂದು ಆ್ಯಪ್‌ನಲ್ಲಿ ಚನ್ನಪಟ್ಟಣದ ಗೊಂಬೆ ಎಂದು ಹಾಕಿ ಹುಡುಕುವುದು ಅಭ್ಯಾಸವಾಯಿತು. ನಾವು ಚೀಲಗಟ್ಟಲೆ ಕಳಿಸಿದ್ದು ಎಲ್ಲೆಲ್ಲೋ ಯಾರ್ಯಾರದೋ ಶೋಕೇಸಿನಲ್ಲಿ ಕೂತು, ಹಳೆಯದಾಗಿ, ಈಗ ಸಂಗ್ರಹ ಮಾಡುವವರ ಕೈಗೆ ಮಾರಾಟಕ್ಕೆ ಬರುತ್ತಿತ್ತು. ಒಂದೊಂದು ಫೋಟೋವನ್ನೂ ಎರಡು ಬೆರಳಲ್ಲಿ ಹಿಗ್ಗಿಸಿ ಹುಬ್ಬು ನೋಡುತ್ತಿದ್ದೆ.

ಹುಬ್ಬನ್ನೇ ಯಾಕೆ ನೋಡುತ್ತಿದ್ದೆ ಎಂದರೆ, ಕುಂಚ ಊರಿದ ಕಡೆ ಗೆರೆ ದಪ್ಪ ಬರುತ್ತದೆ, ಎತ್ತುವ ಕಡೆ ಕೂದಲಿನಷ್ಟು ತೆಳುವಾಗುತ್ತದೆ. ಬಲಗೈಯವರು ಎಡದಿಂದ ಬಲಕ್ಕೆ ಎಳೆಯುತ್ತಾರೆ. ಇವಳು ಬಲದಿಂದ ಎಡಕ್ಕೆ ಎಳೆಯುತ್ತಿದ್ದಳು. ಅವಳ ಗೊಂಬೆಗಳ ಎರಡೂ ಹುಬ್ಬಿನ ಬಾಲಗಳು ನೋಡುವವರ ಎಡಕ್ಕೆ ಹೊರಳಿರುತ್ತಿದ್ದವು, ಒಂದು ಕಡೆಯಿಂದ ಗಾಳಿ ಬೀಸಿದ ಹಾಗೆ. ಕೊಳ್ಳುವವರಿಗೆ ಇದು ಕಾಣಿಸುವುದಿಲ್ಲ. ಎದುರಿಗೆ ಕೂತು ಊಟ ಮಾಡುತ್ತ ನೋಡಿ ನೋಡಿ ನನಗೆ ಗೊತ್ತು.

ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಮಧ್ಯಾಹ್ನ ಫೋನಿನಲ್ಲಿ ಅಂಥದೊಂದು ಸೆಟ್ಟು ಸಿಕ್ಕಿತು. ಐದು ಜನ ವಾಲಗದವರು. ಮುಂದೆ ನಾಗಸ್ವರದವರಿಬ್ಬರು, ಹಿಂದೆ ಶ್ರುತಿಯವನು, ತಾಳದವನು, ಡೋಲಿನವನು. ಕೆಂಪು ಪೇಟ, ಹಳದಿ ಅಂಗಿ. ಮುಂದಿನ ಇಬ್ಬರ ಮುಖ ಹಿಗ್ಗಿಸಿದೆ. ಬಾಲ ಎಡಕ್ಕೆ ಹೊರಳಿತ್ತು. ಹಿಂದಿನವರದು ಮಸುಕಾಗಿತ್ತು.

ನಮ್ಮ ಡ್ರೈವರ್ ಟೀ ಕುಡಿದು ಬಂದು ಬಾಗಿಲಲ್ಲೇ ನಿಂತು, "ಏನ್ಲಾ, ಅದುನ್ನೇ ತಿಕ್ತಾ ಕುಂತಿದ್ದೀಯ? ಟಿಕೆಟ್ ಮಿಷನ್ನು ಅಂದ್ಕಂಡ್ಯಾ?" ಎಂದ.

"ಒಂದು ಸಾಮಾನು ತಗೋಬೇಕಾಗಿತ್ತು."

"ತಗಳ್ಳಾ ಮತ್ತೆ. ಸೀಟಿ ಹೊಡಿ ಮೊದ್ಲು. ಅಜ್ಜಿ ಆಗ್ಲೇ ನಂಗೆ ಬೈತಾ ಐತೆ."

ಹಿಂದಿನ ಸೀಟಿನ ಅಜ್ಜಿ, "ನಿಂಗಲ್ಲ ಕಣಪ್ಪ, ನಾನು ಬೈದಿದ್ದು ನನ್ನ ಸೊಸೆಗೆ" ಎಂದಳು. ಬಸ್ಸೆಲ್ಲ ನಕ್ಕಿತು. ನಾನು ಅಷ್ಟರಲ್ಲಿ ದುಡ್ಡು ಕಳಿಸಿಬಿಟ್ಟಿದ್ದೆ.

ಗೊಂಬೆಗಳು ಬರುವ ತನಕ ನನಗೆ ಒಂದು ಕಡೆ ನಿಂತು ಗೊತ್ತಿಲ್ಲ. ರಾಮನಗರದಲ್ಲಿ ಇಳಿಯಬೇಕಾದವರನ್ನು ಮುಂದಿನ ಸ್ಟಾಪಿನಲ್ಲಿ ಇಳಿಸಿ ಬೈಸಿಕೊಂಡೆ. ಡಬ್ಬ ಬಂದ ದಿನ ನಾದಿನಿ ಮನೆಯಲ್ಲಿದ್ದಳು. ನನ್ನ ಹೆಂಡತಿಯ ತಂಗಿ ಇವಳು, ದೊಡ್ಡಆಲಹಳ್ಳಿಗೆ ಕೊಟ್ಟಿದ್ದೇವೆ. ತಿಂಗಳಿಗೊಮ್ಮೆ ಬಂದು ಮನೆ ಗುಡಿಸಿ, ಪಾತ್ರೆ ಬೋರಲು ಹಾಕಿ, ನನಗೆ ನಾಲ್ಕು ಮಾತು ಬೈದು ಹೋಗುತ್ತಾಳೆ.

ಸುತ್ತಿದ್ದ ಕಾಗದ ಬಿಚ್ಚಿದೆ. ಐದೂ ಗೊಂಬೆಗಳಿದ್ದವು. ಎಲ್ಲೂ ಮುರಿದಿರಲಿಲ್ಲ. ಪೇಟದ ಕೆಂಪು ಕೂಡ ಫೋಟೋದಲ್ಲಿದ್ದ ಹಾಗೇ ಇತ್ತು. ಮುಖಗಳು ಮಾತ್ರ ಬೇರೆ. ಕಣ್ಣು, ಹುಬ್ಬು, ಮೀಸೆ ಎಲ್ಲದರ ಮೇಲೂ ಯಾರೋ ದಪ್ಪ ಕಪ್ಪು ಮಾರ್ಕರ್ ಪೆನ್ನಲ್ಲಿ ತಿದ್ದಿದ್ದರು. ಹುಬ್ಬು ಕಂಬಳಿಹುಳದ ಹಾಗೆ ಎರಡೂ ಕಡೆ ಒಂದೇ ದಪ್ಪವಿತ್ತು. ಐದು ಜನವೂ ನನ್ನನ್ನು ನೋಡಿ ಬೆಚ್ಚಿದಂತಿದ್ದರು.

ನಾದಿನಿ ಒಂದನ್ನು ಕೈಗೆತ್ತಿಕೊಂಡಳು. "ಅಯ್ಯೋ, ಇದೇನ್ ಭಾವ? ಇದುನ್ನ ಅಕ್ಕ ಬರ್ದವ್ಳಾ? ಅಕ್ಕ ಕಣ್ಮುಚ್ಕಂಡ್ ಬರುದ್ರೂ ಹಿಂಗ್ ಬರೀತಿರ್ಲಿಲ್ಲ."

ಮಾರಿದವರ ನಂಬರಿಗೆ ಫೋನು ಮಾಡಿದೆ. ಬೆಂಗಳೂರಿನ ಹೆಣ್ಣುಮಗಳು, ಮಾತು ಮೆತ್ತಗಿತ್ತು.

"ಸಿಕ್ತಾ ಅಂಕಲ್? ಚೆನ್ನಾಗಿ ಬಂದಿದೆಯಾ?"

"ಬಂದಿದೆಯಮ್ಮ. ಮುಖ ಯಾರು ತಿದ್ದಿದ್ದು?"

"ನಾನೇ ಅಂಕಲ್. ನಮ್ಮ ಮಾವ ಕೂಡಿಟ್ಟಿದ್ದ ಗೊಂಬೆಗಳು ಅವು. ಮುಖ ಎಲ್ಲಾ ಮಾಸಿಹೋಗಿತ್ತು. ನೀವು ದುಡ್ಡು ಕೊಟ್ಟು ತಗೊಂಡಿದೀರ, ಮಾಸಿದ್ದನ್ನ ಹೇಗೆ ಕಳಿಸೋದು ಅಂತ ಒಂದಿನ ಕೂತ್ಕೊಂಡು ತಿದ್ದಿದೆ. ಯಾಕೆ, ಸರಿ ಬಂದಿಲ್ವಾ?"

ಬೈಯಬೇಕೆಂದೇ ಫೋನು ಮಾಡಿದ್ದೆ. ಅವಳು ಒಳ್ಳೆಯದಕ್ಕೆ ಮಾಡಿದ್ದಳು. ನಾದಿನಿ ಫೋನು ಕಿತ್ತುಕೊಂಡು, "ನೋಡಮ್ಮ, ಹಳೇದು ಅಂತ ತಗಂಡಿದ್ದು ನಾವು. ಹಳೇದುಕ್ಕೆ ಹೊಸ ಮುಸುಡಿ ಯಾರು ಕೇಳಿದ್ರು? ವಾಪಸ್ ತಗಳಿ" ಎಂದಳು. ಆ ಕಡೆಯಿಂದ ತಕರಾರೇ ಬರಲಿಲ್ಲ. ಸಾರಿ ಅಂಕಲ್, ಸಾರಿ ಆಂಟಿ ಎಂದು, ವಾಪಸ್ ಒಯ್ಯಲು ಮಾರನೆಯ ದಿನವೇ ಕೊರಿಯರಿನವರನ್ನು ಕಳಿಸುವುದಾಗಿ ಹೇಳಿದಳು.

ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಡಬ್ಬಕ್ಕೆ ತಿರುಗಿ ತುಂಬುವಾಗ ನಾಗಸ್ವರದವನ ಹಣೆಯ ಮೇಲೆ ನನ್ನ ಉಗುರು ಆಡಿತು. ಹುಬ್ಬಿನ ಜಾಗದಲ್ಲಿ ಸಣ್ಣಗೆ ಏನೋ ತಡೆಯಿತು. ಕುಂಚದ ಬಣ್ಣ ಅರಗಿನ ಮೇಲೆ ಎದ್ದು ನಿಲ್ಲುತ್ತದೆ, ಮಾರ್ಕರಿನದು ಹಾಗೆ ನಿಲ್ಲುವುದಿಲ್ಲ. ಕಣ್ಣು ಮುಚ್ಚಿಕೊಂಡು ಮತ್ತೆ ಉಗುರಾಡಿಸಿದೆ. ಬಲಗಡೆ ಉಬ್ಬು ಹೆಚ್ಚು, ಎಡಕ್ಕೆ ಹೋಗುತ್ತ ಕಮ್ಮಿ. ಹಾಗೆಂದು ನನಗೆ ಅನ್ನಿಸಿತು. ನಾದಿನಿಗೆ ಕೊಟ್ಟೆ. ಅವಳು ಹೆಬ್ಬೆರಳಲ್ಲಿ ಒತ್ತಿ ನೋಡಿ, "ನಂಗೇನೂ ಸಿಕ್ತಿಲ್ಲ ಭಾವ. ನಿಮ್ಗೆ ಬೇಕೂ ಅಂತ ಸಿಕ್ತಾ ಐತೆ" ಎಂದಳು. ಸಂಜೆ ಬಸ್ಸಿಗೆ ಅವಳು ಊರಿಗೆ ಹೋದಳು. ಹೋಗುವಾಗ, "ಕಳಿಸ್ಬುಡಿ ಅತ್ಲಾಗೆ. ಇನ್ನೊಂದು ಸಿಗ್ತದೆ" ಎಂದಳು.

ಬೆಳಿಗ್ಗೆ ಎದ್ದವನೇ ಐದೂ ಗೊಂಬೆ ಹಿಡಿದು ಸಾಬರ ಕಾರ್ಖಾನೆಗೆ ಹೋದೆ. ಅವರು ಈಗ ಗೊಂಬೆ ಕಡೆಯುವ ಚರಕಿ ಮುಂದೆ ಕೂರುವುದಿಲ್ಲ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಂದವರನ್ನು ಮಾತಾಡಿಸುತ್ತಾರೆ.

"ಬನ್ನಿ ಕಂಡಕ್ಟ್ರೇ. ಇವತ್ತೇನು ಗಾಡಿ ಪಂಚರ್ರಾ?"

ತೋರಿಸಿದೆ. ಕನ್ನಡಕ ಏರಿಸಿ, ಬುಡ ತಿರುಗಿಸಿ ನೋಡಿದರು. "ಮಾಲು ನಮ್ದೇ. ಪೇಟ ಹಿಂಗೆ ಕಡೀತಿದ್ದಿದ್ದು ನಮ್ಮಣ್ಣ."

"ಮುಖ ನಮ್ಮನೆಯವಳದಾ?"

"ಅದು ಹೇಳಕ್ಕಾಗಲ್ಲ. ಆವಾಗ ಬರೆಯೋರು ಎಷ್ಟೊಂದ್ ಜನ! ಒಂದೇ ಸೆಟ್ಟು ಇಬ್ರು ಮೂವರ ಕೈಗೆ ಹೋಗ್ತಿತ್ತು. ಮುಂದಿನೋರು ಇವ್ರದ್ದು ಅಂದ್ರೆ ಹಿಂದಿನೋರೂ ಇವ್ರದ್ದೇ ಅಂತ ಇಲ್ಲ."

"ಮೇಲಿನ ಕಪ್ಪು ತೆಗೀಬಹುದಾ?"

"ಮಾರ್ಕರ್ರು ಸ್ಪಿರಿಟ್ಟಲ್ಲಿ ಹೋಗುತ್ತೆ. ಅರಗೂ ಸ್ಪಿರಿಟ್ಟಲ್ಲೇ ಕರಗುತ್ತೆ. ಬ್ಯಾಡ ಕಂಡಕ್ಟ್ರೇ." ಗೊಂಬೆಯನ್ನು ನನ್ನ ಕೈಗೆ ತಿರುಗಿ ಕೊಟ್ಟು, "ಬೇಕಂದ್ರೆ ಐದಕ್ಕೂ ಹೊಸದಾಗಿ ಬಣ್ಣ ಕೂರಿಸಿ, ಒಳ್ಳೆ ಮುಖ ಬರೆಸಿ ಕೊಡ್ತೀನಿ. ನಿಮ್ಮ ಮನೆಯವರು ನಮ್ಮಲ್ಲಿ ಅಷ್ಟು ವರ್ಷ ದುಡಿದವ್ರೆ" ಎಂದರು.

ಬೇಡವೆಂದು ಬಂದೆ. ಕೊರಿಯರಿನವನು ಮಧ್ಯಾಹ್ನ ಬರುತ್ತೇನೆ ಎಂದು ಮೆಸೇಜು ಹಾಕಿದ್ದ. ಐವರನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಕೂತೆ, ಎದ್ದೆ, ಹಿತ್ತಿಲಿಗೆ ಹೋಗಿ ಬಂದೆ. ಕಳಿಸಿಬಿಟ್ಟರೆ, ಆ ಕಪ್ಪಿನ ಕೆಳಗೆ ಅವಳ ಹುಬ್ಬಿದ್ದರೆ, ಅದನ್ನು ನಾನೇ ಕೈಯಾರೆ ಬೀದಿಗೆ ಹಾಕಿದ ಹಾಗೆ. ಇಟ್ಟುಕೊಂಡರೆ, ದಿನಾ ನೋಡಬೇಕಾದ್ದು ಬೇರೆಯವರ ಗೆರೆ. ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಉಜ್ಜಿದೆ. ಮುಖ ಮಿಂಚಿತೇ ಹೊರತು ಕಪ್ಪು ಕದಲಲಿಲ್ಲ.

ಅವಳ ಇಂಜೆಕ್ಷನ್ನಿಗೆಂದು ತಂದಿದ್ದ ಸ್ಪಿರಿಟ್ ಔಷಧಿಗಳ ಜೊತೆ ಗೂಡಿನಲ್ಲಿತ್ತು. ಒಂದರಲ್ಲಿ ಒಸಿ ನೋಡೋಣ ಎಂದುಕೊಂಡೆ. ಡೋಲಿನವನನ್ನು ಆರಿಸಿಕೊಂಡೆ. ಅವನು ಹಿಂದಿನ ಸಾಲಿನವನು, ಫೋಟೋದಲ್ಲಿ ಮುಖ ಸರಿಯಾಗಿ ಕಾಣದೆ ಇದ್ದವನು, ಅವಳದಲ್ಲದಿದ್ದರೂ ಇರಬಹುದಾದವನು. ಹೋದರೆ ಅವನೇ ಹೋಗಲಿ ಎಂದು ಲೆಕ್ಕ ಹಾಕಿದೆ. ಹತ್ತಿಯ ತುದಿ ಅದ್ದಿ, ಹಿಂಡಿ, ಹುಬ್ಬಿನ ಮೇಲೆ ಆಡಿಸಿದೆ.

ಕಪ್ಪು ಸಲೀಸಾಗಿ ಬಂತು. ಕೆಳಗೆ ಒಂದು ತೆಳುವಾದ ಗೆರೆ ಕಂಡಿತು. ಕಂಡಿತು ಎಂದೇ ಹೇಳುತ್ತೇನೆ. ಎಡಕ್ಕೋ ಬಲಕ್ಕೋ ಎಂದು ನೋಡಲು ಕಿಟಕಿಯ ಬೆಳಕಿಗೆ ಹಿಡಿಯಬೇಕಿತ್ತು. ಅದರ ಬದಲು, ಅಂಚಿನಲ್ಲಿ ಉಳಿದಿದ್ದ ಕಪ್ಪನ್ನೂ ತೆಗೆದುಬಿಡೋಣ ಎಂದು ಇನ್ನೊಂದು ಸಲ ಒರೆಸಿದೆ. ಹತ್ತಿಗೆ ಮುಖದ ಬಣ್ಣವೇ ಬಂತು. ಪೇಟದ ಕೆಂಪು ಕರಗಿ ಹಣೆಗೆ ಇಳಿಯಿತು. ತಡೆಯಲು ಹೋಗಿ ಹೆಬ್ಬೆರಳು ಇಟ್ಟೆ. ತೆಗೆದಾಗ ಒಂದು ಕಣ್ಣಿನ ಜಾಗದಲ್ಲಿ ನನ್ನ ಬೆರಳಿನ ಅಚ್ಚಿತ್ತು.

ನನಗೇ ಅನ್ಯಾಯ ಅನ್ನಿಸಿ ಬೆಂಗಳೂರಿಗೆ ಫೋನು ಮಾಡಿದೆ. ಒಂದನ್ನು ನಾನು ಕೆಡಿಸಿದ್ದೇನೆ, ಇನ್ನು ವಾಪಸ್ ಕೊಡುವುದು ಸರಿಯಲ್ಲ ಎಂದೆ.

"ಪರವಾಗಿಲ್ಲ ಅಂಕಲ್, ನಾಲ್ಕೇ ಕಳಿಸಿ. ಆದ್ರೆ ಯಾಕೆ ಅಳಿಸೋಕೆ ಹೋದ್ರಿ?"

ಹೇಳಿಬಿಟ್ಟೆ. "ಆ ಮುಖ ಬರೆದಿದ್ದು ನಮ್ಮನೆಯವಳಮ್ಮ. ಈಗಿಲ್ಲ."

ಅತ್ತಳೋ ಏನೋ, ಆ ಕಡೆ ಮೂಗು ಒರೆಸಿದ ಸದ್ದಾಯಿತು. "ಅಂಕಲ್, ತಿದ್ದೋಕೆ ಮುಂಚೆ ಒಂದೊಂದನ್ನೂ ಹತ್ತಿರದಿಂದ ಫೋಟೋ ತೆಗೆದಿದ್ದೆ. ಆ್ಯಪ್‌ಗೆ ಹಾಕಿರಲಿಲ್ಲ. ಫೋನಲ್ಲಿ ಇರಬೇಕು, ಹುಡುಕಿ ಕಳಿಸ್ತೀನಿ."

ಐದು ಫೋಟೋ ಬಂದವು. ನಾಗಸ್ವರದವರಿಬ್ಬರೂ ಅವಳವರು. ಶ್ರುತಿಯವನದೂ ತಾಳದವನದೂ ಬಲಗೈ ಕೆಲಸ, ಹುಬ್ಬು ಅಚ್ಚುಕಟ್ಟಾಗಿ ಬಲಕ್ಕೆ ಹೋಗಿತ್ತು. ಕೊನೆಯದನ್ನು ತೆರೆಯಲು ಮನಸ್ಸಾಗದೆ ನೀರು ಕುಡಿದು ಬಂದೆ. ಡೋಲಿನವನ ಹುಬ್ಬುಗಳು ಎಡಕ್ಕೆ ಹೊರಳಿದ್ದವು. ಅವಳು ಬರೆದ ಮೂವರಲ್ಲಿ ಮಾಸದೆ ಉಳಿದಿದ್ದವು ಅವೇ. ಎರಡನೆಯ ಹುಬ್ಬಿನ ತುದಿಯಲ್ಲಿ ಅವಳು ಕುಂಚ ಎತ್ತಿದ ಕಡೆ ಒಂದು ಎಳೆ ಮೇಲಕ್ಕೆ ಹಾರಿತ್ತು. ಏನೋ ಮಾತಾಡುತ್ತ ಬರೆದಾಗ ಹಾಗಾಗುತ್ತಿತ್ತು.

ನಾದಿನಿಗೆ ಫೋನು ಮಾಡಿ, ಒಂದನ್ನು ಅಳಿಸಿದ್ದನ್ನೂ ಫೋಟೋ ಬಂದಿದ್ದನ್ನೂ ಹೇಳಿದೆ.

"ಅಕ್ಕುಂದೇನಾ?"

"ಮೂರು ಅವಳದು."

"ನೀವು ಅಳಿಸಿದ್ದು?"

"ಅದೂ."

"ಒಂದ್ ಗಳಿಗೆ ಸುಮ್ಕೆ ಕೂರಕ್ಕಾಗಲ್ಲ ನಿಮ್ ಕೈಲಿ," ಎಂದಳು. "ಮಿಕ್ಕಿದ್ ಎಲ್ಡುನ್ನಾದ್ರೂ ಮುಟ್ಬ್ಯಾಡಿ. ಬಾನುವಾರ ನಾನೇ ಬತ್ತೀನಿ. ಆ ಫೋಟೋನ ನಂಗೂ ಕಳ್ಸಿ, ಈಗ್ಲೇ."

ಕಳಿಸಿದೆ.

ಕೊರಿಯರಿನವನು ಬಂದಾಗ ಬಾಗಿಲಲ್ಲೇ, ಕೊಡುವುದಿಲ್ಲ ಎಂದೆ. ನನ್ನ ವಯಸ್ಸಿನವನೇ, ಹೆಲ್ಮೆಟ್ಟು ತೆಗೆದು ಬೆವರು ಒರೆಸಿಕೊಂಡ. "ಅಂಗೆ ಬಾಯಲ್ಲಿ ಹೇಳುದ್ರೆ ಆಗಲ್ಲ ಸಾರ್. ನಿಮ್ ಫೋನಲ್ಲಿ ಕ್ಯಾನ್ಸಲ್ ಒತ್ತಿ. ಕಾರಣ ಕೇಳ್ತದೆ, ಯಾವುದಾದ್ರೂ ಒಂದು ಒತ್ತುಬುಡಿ."

ಕೇಳಿತು. ತಪ್ಪಾಗಿ ಒತ್ತಿದೆ, ಬೇರೆ ವಸ್ತು ಬೇಕು, ಮನಸ್ಸು ಬದಲಾಯಿತು ಎಂದು ಸಾಲಾಗಿ ಕೊಟ್ಟಿತ್ತು. ಯಾವುದೂ ನನ್ನ ಕಾರಣವಲ್ಲ. ಅವನು ಬಿಸಿಲಲ್ಲಿ ನಿಂತಿದ್ದ. ಮನಸ್ಸು ಬದಲಾಯಿತು ಎನ್ನುವುದನ್ನು ಒತ್ತಿ, ಅವನಿಗೆ ಒಂದು ಲೋಟ ನೀರು ತರಲು ಒಳಗೆ ಹೋದೆ.