ತೆಗೀಬ್ಯಾಡ್ರಿ ಅಂದಿದ್ದಳು

ಮೊನ್ನೆ ಮೊಬೈಲು ಕೆಟ್ಟಿತೆಂದು ಬಳ್ಳಾರಿಯ ಬ್ರೂಸ್‌ಪೇಟೆಯ ರಿಪೇರಿ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಯಾವುದೋ ಹಳೆಯ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಗಾಳಿ ಮಷೀನಿನಿಂದ ಒಳಗಿನ ಧೂಳು ಊದುತ್ತಿದ್ದ. ಧೂಳು ಕೆಂಪಗಿತ್ತು. ಅದಿರಿನ ಪುಡಿ, ಕಾದ ತಂತಿ, ಎರಡೂ ಸೇರಿದ ವಾಸನೆ. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ. ಅದೇ ವಾಸನೆಯ ಕೋಣೆಯಲ್ಲಿ ವರ್ಷಗಟ್ಟಲೆ ಕೂತವನು ನಾನು. ರಜೆಯಲ್ಲಿ ಅಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗಿ ನೆನಪಾದಳು...

ಗಣಿ ಜೋರಾಗಿದ್ದ ಕಾಲ. ಬಳ್ಳಾರಿಯಿಂದ ಕುರುಗೋಡಿಗೆ ಹೋಗುವ ದಾರಿಯಲ್ಲಿ ಒಂದು ಅದಿರಿನ ಯಾರ್ಡ್ ಇತ್ತು. ಎಸ್ಸೆಸ್ಸೆಲ್ಸಿ ಓದಿದ ನಾನು ಅಲ್ಲಿ ಮೇಲ್ವಿಚಾರಕನಾಗಿದ್ದೆ. ಲಾರಿ ತೂಗುವ ಕಾಟಾದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ತೂಕದ ಚೀಟಿ ಕೊಡುತ್ತಿದ್ದವನು ನನ್ನ ಗೆಳೆಯ, ಸಿರುಗುಪ್ಪ ತಾಲೂಕಿನ ಕರೂರಿನವನು. ಎಲ್ಲರಿಗೂ ಅವನು ಕಾಟಾ ಭಾಯಿ. ಆ ಹುಡುಗಿ ಅವನ ಮಗಳು. ಚೆನ್ನೈಯಲ್ಲಿ ಎಂಎಸ್ಸಿ ಓದುತ್ತಿದ್ದಳು. ಕಂಪ್ಯೂಟರಿನಲ್ಲಿ ನಡೆದ ಅಪರಾಧವನ್ನು ಕಂಪ್ಯೂಟರಿನ ಒಳಗಿಂದಲೇ ಹುಡುಕಿ ತೆಗೆಯುವ ಓದು. ನಮ್ಮ ಕಡೆ ಅಂಥ ಓದು ಇದೆಯೆಂದೇ ಯಾರಿಗೂ ಗೊತ್ತಿರಲಿಲ್ಲ.

"ಪೊಲೀಸ್ ಆಗ್ತೀಯೇನವ್ವಾ?" ಎಂದು ನಾನು ಕಿಚಾಯಿಸುತ್ತಿದ್ದೆ.

"ಪೊಲೀಸ್ ಅಲ್ಲಲೇ, ನನ್ನ ಮಗಳು ಕಂಪ್ಯೂಟರಿನ ಪೋಸ್ಟ್‌ಮಾರ್ಟಮ್ ಮಾಡೋ ಡಾಕ್ಟರು!" ಎಂದು ಅವಳಪ್ಪ ನಗುತ್ತಿದ್ದ.

ಅವಳು ನಗದೆ ಬಿಡಿಸಿ ಹೇಳುತ್ತಿದ್ದಳು. "ಹೆಣ ಬಿದ್ದ ಜಾಗಾ ಮುಟ್ಟಬ್ಯಾಡ್ರಿ ಅಂತಾರಲ್ಲ ಮಾಮಾ, ಇದೂ ಹಂಗ. ಯಾರ ಯಾವಾಗ ಏನ ಮಾಡ್ಯಾರ ಅಂತ ಒಳಗ ತಾರೀಖು, ಟೈಮು ಇರ್ತೈತಿ. ನಡುವ ಯಾರರ ಕೈಯಾಡಿಸಿದ್ರ ಅವರ ಗುರುತು ಮ್ಯಾಲ ಕುಂದರ್ತೈತಿ, ಹಳೇದು ಹೋಗಿಬಿಡ್ತೈತಿ."

ಇದನ್ನು ನಾನು ಕಿವಿಯಾರೆ ಕೇಳಿದ್ದೆ. ಮೊದಲು ಅದನ್ನು ಹೇಳಿಬಿಡಬೇಕು.

ಒಂದು ರಂಜಾನ್ ಮುಗಿದ ಮೇಲೆ ಯಾರ್ಡಿನಲ್ಲಿ ಗದ್ದಲವಾಯಿತು. ಕಂಪ್ಯೂಟರಿನಲ್ಲಿದ್ದ ಕೆಲವು ಚೀಟಿಗಳಲ್ಲಿ ತೂಕ ತಿದ್ದಲಾಗಿತ್ತು. ಲಾರಿಯಲ್ಲಿ ಹೋದ ಅದಿರು ಹೆಚ್ಚು, ಚೀಟಿಯಲ್ಲಿದ್ದದ್ದು ಕಡಿಮೆ. ಮಾಲೀಕರ ಭಾಮೈದ ಕಾಟಾ ಭಾಯಿಯ ಕಡೆ ಬೆರಳು ತೋರಿಸಿದ. ಆದರೆ ಭಾಯಿ ಹಬ್ಬಕ್ಕೆ ಕರೂರಿಗೆ ಹೋಗಿದ್ದಾಗ ಆ ಕುರ್ಚಿಯಲ್ಲಿ ಕೂತು ಚೀಟಿ ತಿದ್ದಿದವನು ಆ ಭಾಮೈದನೇ. ನಾನು ಕಣ್ಣಾರೆ ನೋಡಿದ್ದೆ. ಹೇಳಲಿಲ್ಲ.

ಭಾಯಿ ಅಳಲಿಲ್ಲ, ಬೇಡಲಿಲ್ಲ. "ನನ್ನ ಮಗಳು ಬಂದು ನೋಡ್ಲಿ. ತಿದ್ದಿದ ತಾರೀಖು ಒಳಗ ಇರ್ತೈತಿ. ಹಬ್ಬದಾಗ ನಾ ಊರಾಗಿದ್ದೆ" ಎಂದ. ಮಾಲೀಕರು ಆಗಲಿ ಎಂದರು. ಆ ಕಂಪ್ಯೂಟರನ್ನು ಆರಿಸಿ, ಕೋಣೆಗೆ ಬೀಗ ಹಾಕಿ, ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಭಾಯಿಯೇ ನನ್ನ ಕೈಗೆ ಕೊಡಿ ಎಂದಿದ್ದ.

ಅವಳು ಚೆನ್ನೈಯಿಂದ ಫೋನು ಮಾಡಿದಳು. "ಮಾಮಾ, ನಾ ಬರೋತನ ಕಂಪ್ಯೂಟರ್ ತೆಗೀಬ್ಯಾಡ್ರಿ."

ನಮ್ಮ ಮಾತಿನಲ್ಲಿ ತೆಗೆಯುವುದೆಂದರೆ ಬಾಗಿಲು ತೆಗೆದಂತೆ ತೆರೆಯುವುದೂ ಹೌದು, ಇದ್ದ ಜಾಗದಿಂದ ಎತ್ತುವುದೂ ಹೌದು. ದಿನಾ ಬೆಳಿಗ್ಗೆ ನಾನೇ ಭಾಯಿಗೆ "ಕಂಪ್ಯೂಟರ್ ತೆಗಿಲೇ, ಲಾರಿ ಬಂದ್ವು" ಎನ್ನುತ್ತಿದ್ದೆ. ಅವಳು ಯಾವುದನ್ನು ಹೇಳಿದಳೆಂದು ನನಗೆ ಗೊತ್ತಿತ್ತು.

ಮರುದಿನ ಭಾಮೈದ ಬಂದ. "ಆ ಚೀಟಿ ಒಂದೊಂದ ತೆಗೆದು, ಮತ್ತ ಸೇವ್ ಮಾಡಿ ಇಡು. ಅಷ್ಟ. ನಿನ್ನ ನೌಕರಿ ನಾ ನೋಡ್ಕೋತೀನಿ" ಎಂದ. ನಾನು ಬೀಗ ತೆಗೆದು ಕೂತೆ. ಒಂದೊಂದೇ ಚೀಟಿ ತೆರೆದೆ, ಸೇವ್ ಮಾಡಿದೆ. ನಡುವೆ ಚಹಾ ಬಂತು, ಕುಡಿದೆ.

ಅವಳು ರೈಲಿಳಿದು ನೇರ ಯಾರ್ಡಿಗೇ ಬಂದಳು. ಕಾಲೇಜಿನಿಂದ ಕೇಳಿ ತಂದ ಒಂದು ಸಣ್ಣ ಪೆಟ್ಟಿಗೆ ಕೈಯಲ್ಲಿತ್ತು. ಒಳಗಿನದನ್ನು ಕೆಡಿಸದೆ ಓದಲು ಅದು ಬೇಕಂತೆ. ತಂತಿ ಜೋಡಿಸಿ ಬಹಳ ಹೊತ್ತು ನೋಡಿದಳು. ತಿದ್ದಿದ ಚೀಟಿಗಳ ಮೇಲೆಲ್ಲ ಹಿಂದಿನ ದಿನದ ತಾರೀಖು. ಹಬ್ಬದ ತಾರೀಖು ಎಲ್ಲೂ ಉಳಿದಿರಲಿಲ್ಲ.

"ತೆಗೆದಿದ್ರೇನು ಮಾಮಾ?"

"ನೀ ತೆಗೀಬ್ಯಾಡ್ರಿ ಅಂದಿ. ಜಾಗಾ ಬಿಟ್ಟು ಎತ್ತಬ್ಯಾಡ್ರಿ ಅಂದಿ ಅನ್ಕೊಂಡೆ. ಸುಮ್ನ ಚಾಲೂ ಮಾಡಿ ನೋಡಿದೆನವ್ವಾ."

ಸುತ್ತ ನಿಂತಿದ್ದ ಡ್ರೈವರುಗಳು ನಕ್ಕರು. ಮಾಲೀಕರೂ ನಕ್ಕರು. ಭಾಮೈದ "ಹೋಗ್ಲಿ ಬಿಡ್ರಿ, ಹಳೇ ಮನುಷ್ಯ" ಎಂದ. ಅವಳು ನನ್ನನ್ನೇ ನೋಡಿದಳು. ಆಮೇಲೆ ಅವಳಪ್ಪನನ್ನು ಹೊರಗೆ ಕರೆದುಕೊಂಡು ಹೋದಳು. ಇಬ್ಬರೂ ಅದಿರಿನ ಗುಡ್ಡೆಯ ಪಕ್ಕ ನಿಂತು ಏನೋ ಮಾತಾಡಿದರು. ಕಿಟಕಿಯಿಂದ ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಒಳಗೆ ಬಂದವಳು, "ಇದರಾಗ ಏನೂ ಸಿಗೂದಿಲ್ರಿ" ಎಂದು ಮಾಲೀಕರಿಗೆ ಹೇಳಿ ಪೆಟ್ಟಿಗೆ ಮುಚ್ಚಿದಳು.

ಭಾಯಿಯನ್ನು ಕೆಲಸದಿಂದ ಬಿಡಿಸಿದರು. ಕುರುಗೋಡಿನ ಕಡೆಯ ಕಾಟಾಗಳಲ್ಲೂ ಕೇಳಿಕೊಂಡು ಬಂದ. ಕಳ್ಳನೆಂಬ ಹೆಸರು ಅವನಿಗಿಂತ ಮುಂಚೆ ಅಲ್ಲಿಗೆ ಮುಟ್ಟಿತ್ತು. ಕೊನೆಗೆ ಕರೂರಿಗೆ ಹೋಗಿ ಬೇರೆಯವರ ಗದ್ದೆಯಲ್ಲಿ ಕೂಲಿಗೆ ನಿಂತ. ನಾನು ಯಾರ್ಡ್ ಮುಚ್ಚುವವರೆಗೂ ನೌಕರಿಯಲ್ಲಿದ್ದೆ.

ಆಶ್ಚರ್ಯವೆಂದರೆ ಅವನು ನನ್ನನ್ನು ಬಿಡಲಿಲ್ಲ. ವರ್ಷಕ್ಕೊಂದೆರಡು ಸಲ ಬಳ್ಳಾರಿಗೆ ಬಂದಾಗ ಮನೆಗೆ ಬರುತ್ತಿದ್ದ. ಸುಗ್ಗಿಯಾದ ಮೇಲೆ ಹೊಸ ಅಕ್ಕಿ ತರುತ್ತಿದ್ದ. ಯಾರ್ಡಿನ ಮಾತು ಅವನೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ಅವನಿಗೆ ಏನೂ ಗೊತ್ತಿಲ್ಲ ಎಂದುಕೊಂಡಿದ್ದೆ...

ಅವನು ತೀರಿಕೊಂಡು ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆಗೆ ಕರೂರಿಗೆ ಹೋದೆ. ಮಗಳು ಬಂದಿದ್ದಳು. ಓದು ಮುಗಿದು ಬೇರೆ ರಾಜ್ಯದ ಪ್ರಯೋಗಾಲಯವೊಂದರಲ್ಲಿ ಅದೇ ಕೆಲಸದಲ್ಲಿದ್ದಳು. ಊಟಕ್ಕೆ ಮುಂಚೆ ಅವಳನ್ನು ಪಕ್ಕಕ್ಕೆ ಕರೆದೆ.

"ಅವ್ವಾ, ಅವತ್ತು ನಾನು..."

"ಗೊತ್ತೈತ್ರಿ ಮಾಮಾ. ಬರೇ ಚಾಲೂ ಮಾಡಿದ್ರ ತಿದ್ದಿದ ಚೀಟಿಗಳದಷ್ಟ ತಾರೀಖು ಬದಲಾಗೂದಿಲ್ಲ. ಅವತ್ತ ಅಬ್ಬಾಗ ಹೇಳಿದೆ. ನಿಮ್ಮ ಹೆಸರು ಹೇಳ್ತೀನಿ ಅಂದೆ. ಬ್ಯಾಡ ಅಂದ್ರು. ಅವನ್ನ ಜೈಲಿಗೆ ಹಾಕಿ ನಾ ಏನ ಮಾಡ್ಲಿ, ಒಂದಿನ ತಾನ ಬಾಯಿಬಿಟ್ಟು ಹೇಳ್ತಾನ, ಅಷ್ಟ ಸಾಕು ಅಂದ್ರು." ಆಮೇಲೆ ಕೇಳಿದಳು, "ಒಮ್ಮೆರ ಹೇಳಿದ್ರೇನು?"

ಇಲ್ಲ ಎಂದೆ. ಅವಳು ತಲೆಯಾಡಿಸಿ, "ಊಟಕ್ಕ ಕುಂದರ್ರಿ" ಎಂದು ಒಳಗೆ ಹೋದಳು. ಕೂತು ಉಂಡೆ. ಏನು ಬಡಿಸಿದರೋ ನೆನಪಿಲ್ಲ.

ಅದಾದ ಮೇಲೆ ಅವಳು ಫೋನು ಮಾಡಿಲ್ಲ. ನಾನೂ ಮಾಡಿಲ್ಲ. ಕೇಳಬೇಕಾದ ಕ್ಷಮೆ ಅವಳು ಕೊಡುವಂಥದ್ದಲ್ಲ, ಕೊಡಬೇಕಾದವನು ಮಣ್ಣಿನಲ್ಲಿದ್ದಾನೆ. ಎದೆಯಲ್ಲಿ ಉರಿಯೇನೂ ಇಲ್ಲ. ಮರಗಟ್ಟಿದ ಕಾಲಿನ ಹಾಗೆ, ಮಾಡಿದ ತಪ್ಪು ಅಲ್ಲಿದೆ ಎಂಬುದಷ್ಟೇ ಗೊತ್ತಾಗುತ್ತದೆ.

ಈಗ ಒಂದೇ ಒಂದು ನೆನಪಾಗುತ್ತದೆ. ಪ್ರತಿ ಸಲ ಹೊರಟಾಗ ಭಾಯಿ ಚಪ್ಪಲಿ ಮೆಟ್ಟಿ, ಹೊಸ್ತಿಲಾಚೆ ನನ್ನ ಕಡೆ ತಿರುಗಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಸಿರುಗುಪ್ಪದ ಬಸ್ಸಿಗೆ ಹೊತ್ತಾಗುತ್ತದೆ, ಹೊರಡು ಎಂದು ನಾನೇ ಕಳಿಸುತ್ತಿದ್ದೆ.